ಚಳಿಗಾಲದ ಸಾಪಾ: ಮೂರನೇ ಸಲಕ್ಕೆ ಗದ್ದೆ ಕಂಡಿತು

"ಚಳಿಗಾಲದಲ್ಲಿ ಸಾಪಾಗಾ? ಮಂಜು ನೋಡೋಕೆ ಅಷ್ಟು ದುಡ್ಡು ಯಾಕೆ ಗುರು, ನಂದಿ ಬೆಟ್ಟಕ್ಕೆ ಹೋಗಿ ಬಾ."

ಗಾಂಧಿಬಜಾರಿನಲ್ಲಿ ಬೈಟೂ ಕಾಫಿ ಹಿಡಿದು ನಿಂತಿದ್ದಾಗ ನಮ್ಮ ಟ್ರೆಕ್ಕಿಂಗ್ ಗ್ಯಾಂಗಿನವರು ಹೇಳಿದ ಮಾತು ಇದು. ಸಾಪಾ ಅಂದರೆ ಉತ್ತರ ವಿಯೆಟ್ನಾಮಿನ ಬೆಟ್ಟದ ಪೇಟೆ, ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆಗಳಿಗೆ ಹೆಸರುವಾಸಿ. ಅವರದ್ದೇನೂ ತಪ್ಪಿಲ್ಲ. ಅಷ್ಟು ಹೊತ್ತಿಗೆ ನಾನು ಎರಡು ಸಲ ಹೋಗಿ ಮಂಜನ್ನೇ ನೋಡಿ ಬಂದಿದ್ದೆ. ನಂದಿಯ ಎತ್ತರ 1,478 ಮೀಟರ್, ಸಾಪಾ ಪೇಟೆ ಅದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೆ ಅಲ್ಲಿಯ ಚಳಿ ಬೇರೆ ಜಾತಿಯದು.

ಮೊದಲ ಸಲ ಹೋದದ್ದು 2018ರ ಡಿಸೆಂಬರಿನಲ್ಲಿ. ಪೇಟೆಯಲ್ಲೇ ರೂಮು ಮಾಡಿದೆ. ಕಣಿವೆ ಕಾಣುವ ಕಿಟಕಿ ಅಂತ ರಾತ್ರಿಗೆ ಆರುನೂರು ರೂಪಾಯಿ ಜಾಸ್ತಿ ಕೊಟ್ಟೆ. ನಾಲ್ಕು ದಿನ ಆ ಕಿಟಕಿಯಾಚೆ ಯಾರೋ ಬಿಳಿ ಪಂಚೆ ಒಣಗಹಾಕಿದ ಹಾಗಿತ್ತು. ಹೀಟರ್ ಇಲ್ಲ, ಹಾಸಿಗೆ ತೇವ, ಸಾಕ್ಸ್ ಒಣಗುವುದಿಲ್ಲ. ಐದನೇ ದಿನ ಬಸ್ಸು ಹತ್ತಿದೆ. ಎಪ್ಪತ್ತು ಸಾವಿರದಷ್ಟು ಖರ್ಚು. ತೆಗೆದ ಫೋಟೋಗಳಲ್ಲಿ ಒಂದರಲ್ಲೂ ಗದ್ದೆ ಇಲ್ಲ.

ಎರಡನೇ ಸಲ 2023ರ ಜನವರಿ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಂದೆಮುಂದೆ ನೋಡದೆ ಬುಕ್ ಮಾಡಿದೆ. ಆ ವರ್ಷ ಅವರ ಹೊಸ ವರ್ಷ ಟೆಟ್ ಬಿದ್ದದ್ದು ಜನವರಿ 22ಕ್ಕೆ. ಅದನ್ನು ನೋಡಿಕೊಳ್ಳಬೇಕು ಅನ್ನೋ ಬುದ್ಧಿ ನನಗಿರಲಿಲ್ಲ. ಅಂಗಡಿ ಬಂದ್, ಬಸ್ಸಿಗೆ ಒಂದೂವರೆ ಪಟ್ಟು ದರ, ಹೋಮ್‌ಸ್ಟೇ ಮನೆಗಳಲ್ಲಿ ನೆಂಟರೇ ತುಂಬಿದ್ದರು. ಮೂರು ದಿನ ಇನ್‌ಸ್ಟಂಟ್ ನೂಡಲ್ಸ್ ತಿಂದೆ. ಹೋಗುವ ಮೊದಲೇ ಇ-ವೀಸಾ ಅರ್ಜಿಯಲ್ಲಿ ಪಾಸ್‌ಪೋರ್ಟ್ ನಂಬರಿನ ಒಂದು ಅಂಕಿ ತಪ್ಪು ಹೊಡೆದಿದ್ದೆ. 25 ಡಾಲರ್ ನೀರಿಗೆ ಹೋಯಿತು, ಇನ್ನೊಂದು ಸಲ ಕಟ್ಟಿದೆ.

ಇಷ್ಟಾದರೂ ಚಳಿಗಾಲವೇ ಯಾಕೆ ಅಂದರೆ, ನಾನು ತೀರ್ಥಹಳ್ಳಿ ಕಡೆಯವನು. ಅಜ್ಜನ ಮನೆಯ, ಗುಡ್ಡದ ಬದಿಯ ಮಕ್ಕಿಗದ್ದೆ ನೋಡಿ ಬೆಳೆದವನು. ಪೈರು ನಿಂತಿದ್ದಾಗ ಗದ್ದೆಯ ಮೈ ಕಾಣುವುದಿಲ್ಲ, ಎಲ್ಲ ಒಂದೇ ಹಸಿರು. ಕೊಯ್ಲಾಗಿ ಕೂಳೆ ಉಳಿದ ಮೇಲೇ ಅಂಚು ಎಲ್ಲಿ ತಿರುಗಿದೆ, ನೀರು ಯಾವ ಗಂಡಿಯಿಂದ ಕೆಳಗಿಳಿಯುತ್ತದೆ ಅನ್ನುವುದು ಗೊತ್ತಾಗುವುದು. ಸಾಪಾದಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ-ಜೂನ್‌ನಲ್ಲಿ ನಾಟಿ, ಸೆಪ್ಟೆಂಬರಿನಲ್ಲಿ ಕೊಯ್ಲು. ಎಲ್ಲರೂ ಸೆಪ್ಟೆಂಬರಿನ ಚಿನ್ನದ ಬಣ್ಣಕ್ಕೆ ಮುಗಿಬೀಳುತ್ತಾರೆ. ನನಗೆ ಬೇಕಿದ್ದದ್ದು ಬರೀ ಗದ್ದೆ.

ಮೂರನೇ ಸಲ, 2024ರ ಡಿಸೆಂಬರಿನಲ್ಲಿ, ಲೆಕ್ಕ ಹಾಕಿ ಹೋದೆ. ಚಳಿಗಾಲದ ತೇವದ ಗಾಳಿ ಈಶಾನ್ಯದಿಂದ, ಚೀನಾ ಕಡೆಯಿಂದ ಬರುತ್ತದೆ. ಬಂದು ಹೋವಾಂಗ್ ಲಿಯೆನ್ ಸೋನ್ ಬೆಟ್ಟಸಾಲಿಗೆ ಬಡಿಯುತ್ತದೆ. ಸಾಪಾ ಇರುವುದು ಆ ಬಡಿಯುವ ಕಡೆ. ಹಾಗಾಗಿ ಮಂಜು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಮಂಜಿಗೂ ಒಂದು ತಳ, ಒಂದು ತಲೆ ಇರುತ್ತದೆ. ಕೆಲವು ದಿನ ಪೇಟೆ ಮುಳುಗಿದ್ದರೂ ಸುಮಾರು ಸಾವಿರ ಮೀಟರಿನಲ್ಲಿರುವ ತಾ ವಾನ್ ಊರು ಮಂಜಿನ ಕೆಳಗೆ ಬಚಾವಾಗಿರುತ್ತದೆ. ಕೆಲವು ದಿನ ಎರಡು ಸಾವಿರ ಮೀಟರಿನ ಓ ಕ್ವಿ ಹೋ ಘಾಟಿ ಮಂಜಿನ ಮೇಲೆ ತಲೆ ಎತ್ತಿರುತ್ತದೆ. ಘಾಟಿ ದಾಟಿ ಲಾಯ್ ಚೌ ಕಡೆ ಇಳಿದರೆ ಎಷ್ಟೋ ಸಲ ಚಳಿಬಿಸಿಲು. ಒಂದೇ ಕಡೆ ಕೂತು ಆಕಾಶ ನೋಡುವುದು ದಡ್ಡತನ. ಎರಡು ಸಲ ನಾನು ಮಾಡಿದ್ದು ಅದನ್ನೇ.

ಅದಕ್ಕೆ ಮೂರು ಎತ್ತರದಲ್ಲಿ ಮೂರು ಜನರನ್ನು ಹಿಡಿದೆ. ತಾ ವಾನ್‌ನ ನಮ್ಮ ಹೋಮ್‌ಸ್ಟೇ ಯಜಮಾನ, ಪೇಟೆಯಲ್ಲಿ ಬೂಟು ಬಾಡಿಗೆಗೆ ಕೊಡುವ ಹುಡುಗ, ಘಾಟಿಯ ಮೇಲೆ ಗೆಣಸು ಸುಟ್ಟು ಮಾರುವ ಒಬ್ಬ ಆಂಟಿ. ಅಲ್ಲಿ ಎಲ್ಲರ ಫೋನಿನಲ್ಲೂ ಝಾಲೋ ಇರುತ್ತದೆ, ನಮ್ಮ ವಾಟ್ಸಾಪ್ ಇದ್ದ ಹಾಗೆ. ಬೆಳಿಗ್ಗೆ ಆರಕ್ಕೆ ಮೂವರಿಗೂ ಒಂದೇ ಮಾತು: "ಸುವಾಂಗ್ ಮೂ?" ಅಂದರೆ ಮಂಜಾ? ಅವರು ಬಾಗಿಲಾಚೆ ಒಂದು ಫೋಟೋ ಹೊಡೆದು ಕಳಿಸುತ್ತಾರೆ. ಅವತ್ತು ಎಲ್ಲಿಗೆ ಹೋಗಬೇಕು ಅನ್ನುವುದು ಹಾಸಿಗೆಯಲ್ಲೇ ತೀರ್ಮಾನ. ಆಂಟಿ ದಿನಾ ಫೋಟೋ ಕಳಿಸುವ ಹಾಗೆ ಒಪ್ಪಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ದುಡ್ಡು ಕೊಟ್ಟಲ್ಲ, ಅಷ್ಟು ಹೇಳುತ್ತೇನೆ.

ಮೊದಲ ಎರಡು ದಿನ ಮೂರೂ ಫೋಟೋ ಬಿಳಿ. ಒಲೆ ಪಕ್ಕ ಕೂತು ಸಾಸಿವೆ ಸೊಪ್ಪಿನ ಪಲ್ಯ, ಅನ್ನ, ನಾನು ಒಯ್ದಿದ್ದ ಚಟ್ನಿಪುಡಿ. ಸಸ್ಯಾಹಾರಿಗಳಿಗೆ ಒಂದು ಮಾತು: "ಆನ್ ಚಾಯ್" (ಸಸ್ಯಾಹಾರ) ಅಂತ ಹೇಳಿದರೆ ಮಾಂಸವೇನೋ ಬಿಡುತ್ತಾರೆ, ಆದರೆ ಫಿಶ್ ಸಾಸನ್ನೂ ಬಿಡುತ್ತಾರೆ ಅಂತ ನಂಬಬೇಡಿ. ಒಲೆ ಹತ್ತಿರ ನಿಂತು ಬಾಟಲಿ ತೋರಿಸಿ ಕೈ ಆಡಿಸಿ.

ಮೂರನೇ ದಿನ ಆಂಟಿಯ ಫೋಟೋದಲ್ಲಿ ನೀಲಿ ಬಣ್ಣ. ನಮ್ಮ ಇಂಟರ್‌ನ್ಯಾಷನಲ್ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಹಾಗಾಗಿ ಬಾಡಿಗೆ ಬೈಕು ಮುಟ್ಟಲಿಲ್ಲ. ಸೆ ಓಮ್, ಅಂದರೆ ಅಲ್ಲಿಯ ಬೈಕ್ ಟ್ಯಾಕ್ಸಿ, ಹಿಡಿದೆ. ಹೆಸರಿನ ಅರ್ಥವೇ ತಬ್ಬಿಕೊಳ್ಳುವ ಬೈಕು. ಆ ಚಳಿಗೆ ನಿಜವಾಗಲೂ ತಬ್ಬಿಕೊಂಡೇ ಕೂತೆ. ದಾರಿಯುದ್ದಕ್ಕೂ ಸೀಮೆಬದನೆ ಚಪ್ಪರಗಳು. ನಾವು ಸಾಂಬಾರಿಗೆ ಕಾಯಿ ಹಾಕುತ್ತೇವೆ, ಅವರು ಕುಡಿಯನ್ನೂ ಬೆಳ್ಳುಳ್ಳಿ ಹಾಕಿ ಹುರಿದು ತಿನ್ನುತ್ತಾರೆ. ಘಾಟಿ ತಿರುವಿನಲ್ಲಿ ಮಂಜು ಸಟ್ಟನೆ ಕೆಳಗೆ ಉಳಿಯಿತು. ಮೂರು ಪದರ ಬಟ್ಟೆಯಲ್ಲಿ ಎರಡು ಬಿಚ್ಚಿ ಕೂತೆ.

ನಾಲ್ಕನೇ ದಿನ ಕೇಬಲ್ ಕಾರಿನಲ್ಲಿ ಫಾನ್ಸಿಪಾನ್ ಶಿಖರ. 3,147 ಮೀಟರ್. ಟಿಕೆಟ್ ಎಂಟು ಲಕ್ಷ ಡಾಂಗ್ ಹತ್ತಿರ, ರೂಪಾಯಿಗೆ ಮುನ್ನೂರು ಡಾಂಗ್ ಅಂತ ಹಿಡಿದರೆ 2,700. ಕೆಳಗೆ ಮೋಡದ ಕಡಲು, ಚೆನ್ನಾಗಿತ್ತು. ಆದರೆ ಕಡಲು ನೋಡೋಕೆ ನಾನು ಬಂದಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಮತ್ತೆ ಮೂರೂ ಬಿಳಿ. ಹತ್ತೂವರೆ ಸುಮಾರಿಗೆ ಹೊಳೆ ಕಡೆಯಿಂದ ಮಂಜು ಏಳತೊಡಗಿತು, ಹಾಲು ಉಕ್ಕುವ ಹಾಗೆ, ಕೆಳಗಿನಿಂದ ಮೇಲಕ್ಕೆ. ಮೊದಲು ಒಂದು ಅಂಚು. ಅದರ ಮೇಲೆ ಇನ್ನೊಂದು. ಆಮೇಲೆ ಎಣಿಸೋದು ಬಿಟ್ಟೆ. ಕಂದು ಮಣ್ಣು, ಬೂದು ಕೂಳೆ, ಅಲ್ಲಲ್ಲಿ ನೀರು ನಿಂತ ಗದ್ದೆಯಲ್ಲಿ ಆಕಾಶದ ಚೂರು. ಒಂದು ಎಮ್ಮೆ, ಬೆನ್ನಿಗೆ ಗೋಣಿಚೀಲ ಕಟ್ಟಿದ್ದರು, ಅಂಚಿನ ಮೇಲೆ ನಿಂತು ಮೆಲುಕು ಹಾಕುತ್ತಿತ್ತು. ಕೆಲವು ಗದ್ದೆ ಎಷ್ಟು ಸಪೂರ ಅಂದರೆ ಆ ಎಮ್ಮೆ ಅಡ್ಡ ತಿರುಗಿದರೆ ಬಾಲ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಅಂಥ ಕಡೆ ಟ್ರಾಕ್ಟರ್ ಹೋಗಲ್ಲ, ಅದಕ್ಕೇ ಎಮ್ಮೆಗೆ ಆ ಮರ್ಯಾದೆ. ಮಧ್ಯಾಹ್ನ ಎರಡರವರೆಗೆ ಸಮಯ ಸಿಕ್ಕಿತು. ಅಜ್ಜ ಇದ್ದಿದ್ದರೆ ಗಂಡಿ ಕಟ್ಟಿದ ರೀತಿ ನೋಡಿ ಏನಾದರೂ ತಪ್ಪು ಹುಡುಕುತ್ತಿದ್ದರು. ನನಗೆ ಸಿಗಲಿಲ್ಲ.

ನಿಂತ ಜಾಗ ಯಾವುದು ಅಂತ ಗ್ಯಾಂಗಿನವರು ಕೇಳಿದ್ದಾರೆ. ಹೊಳೆ ದಾಟಿ ಇಪ್ಪತ್ತು ನಿಮಿಷ ಹತ್ತಬೇಕು. ಅಷ್ಟು ಸಾಕು.

ಜೊತೆಗೆ ಒಂದೆರಡು ಪ್ರಯೋಗವೂ ಆಯಿತು. ಏಳೂವರೆ ಸಾವಿರದ ಟ್ರೆಕ್ಕಿಂಗ್ ಶೂ ಒಯ್ದಿದ್ದೆ. ಮೊದಲ ಕೆಸರಿಗೇ ಕೈಕೊಟ್ಟಿತು. ದಿನಕ್ಕೆ ಐವತ್ತು ಸಾವಿರ ಡಾಂಗ್ ಬಾಡಿಗೆಯ ರಬ್ಬರ್ ಗಮ್‌ಬೂಟೇ ಗೆದ್ದಿತು, ಒಳಗೆ ಎರಡು ಜೊತೆ ಸಾಕ್ಸ್ ಹಾಕಿಕೊಂಡರೆ ಸಾಕು. ಇನ್ನೊಂದು, ಮೋಂಗ್ ಬುಡಕಟ್ಟಿನ ಹೆಂಗಸೊಬ್ಬರ ಹತ್ತಿರ ಸೆಣಬಿನ ನಾರಿನ ನೀಲಿ ಚೀಲ ಕೊಂಡೆ. ಅವರ ಉಗುರು, ಬೆರಳ ಸಂದು ಎಲ್ಲ ಆ ನೀಲಿಯೇ. ಚೀಲದ ಬಣ್ಣ ನನ್ನ ಬನಿಯನ್ನಿಗೂ ಹತ್ತಿತು. ಮನೆಗೆ ಬಂದು ಬಣ್ಣ ನಿಲ್ಲಿಸಲು ಉಪ್ಪುನೀರಲ್ಲಿ ನೆನೆಹಾಕಿದೆ. ನಿಲ್ಲಲಿಲ್ಲ. ಬಕೆಟ್ ನೀಲಿಯಾಯಿತು, ಮೂರು ಸಲ ನೀರು ಬದಲಿಸಿದ್ದಕ್ಕೆ ಹೆಂಡತಿ ಟ್ಯಾಂಕರ್ ಬಿಲ್ಲು ತಂದು ಮುಂದೆ ಇಟ್ಟಳು.

ಒಟ್ಟು ಖರ್ಚು 58 ಸಾವಿರ ಆಸುಪಾಸು. ಕೋಲ್ಕತ್ತಾ ಮೂಲಕ ಹನೋಯ್‌ಗೆ ಹೋಗಿಬರುವ ವಿಮಾನವೇ 27 ಸಾವಿರ. ಹೋಮ್‌ಸ್ಟೇ ರಾತ್ರಿಗೆ ಸಾವಿರದ ಒಳಗೆ, ಏಳು ರಾತ್ರಿ. ಉಳಿದದ್ದು ಬಸ್ಸು, ಸೆ ಓಮ್, ಊಟ. ಮುಖ್ಯ ಖರ್ಚು ದಿನಗಳದ್ದು. ಮೂರು ದಿನದ ಪ್ಲಾನ್ ಹಾಕಿಕೊಂಡು ಹೋದರೆ ಈ ಉಪಾಯವೂ ಕೈಕೊಡುತ್ತದೆ.

ನಂದಿ ಬೆಟ್ಟಕ್ಕೆ ಹೋಗು ಅಂದವನೇ ಈಗ ಬರುವ ಚಳಿಗಾಲಕ್ಕೆ ಟಿಕೆಟ್ ನೋಡುತ್ತಿದ್ದಾನೆ. ಟೆಟ್ ಯಾವತ್ತು ಅಂತ ಮೊದಲು ನೋಡಿಕೋ, ಅದರ ಆಚೀಚೆ ವಾರ ಬಿಡು ಅಂತ ಹೇಳಿದ್ದೇನೆ. ಮೂರೂ ನಂಬರ್ ಕೇಳಿದ. ಹೋಮ್‌ಸ್ಟೇದು, ಬೂಟಿನ ಹುಡುಗನದು ಕೊಟ್ಟಿದ್ದೇನೆ.