ತೋಟದಲ್ಲಿ ಆನೆ ಇದೆ ಅಂತ ಸ್ಪ್ಯಾನಿಷ್‌ನಲ್ಲಿ ಹೇಳೋದು ಹೇಗೆ

ಪುಸ್ತಕ ನೋಡದೆ ನಾನು ಕಟ್ಟಿದ ಮೊದಲ ಸ್ಪ್ಯಾನಿಷ್ ವಾಕ್ಯ ಇದು: ‘ಆಯ್ ಉನ್ ಎಲೆಫಾಂತೆ ಎನ್ ಲಾ ಫಿಂಕಾ.’ ತೋಟದಲ್ಲಿ ಒಂದು ಆನೆ ಇದೆ. ಪಾಠದ ಪುಸ್ತಕಗಳಲ್ಲಿ ಆನೆ ಬರೋದು ಮೃಗಾಲಯ ನೋಡೋಕೆ ಹೋದಾಗ. ಕೊಡಗಿನ ಸುಂಟಿಕೊಪ್ಪದ ನಮ್ಮ ಕಡೆ ಅದು ಬೆಳಗಿನ ಸಮಾಚಾರ. ಆವತ್ತು ಮೇಸ್ತ್ರಿ ಫೋನ್ ಮಾಡಿ, ಹಲಸಿನ ಮರದ ಹತ್ರ ಒಂಟಿ ಸಲಗ ನಿಂತಿದೆ, ಆಳುಗಳನ್ನ ಕೆಳಗಿಳಿಸ್ಬೇಡಿ ಅಂದ. ಫೋನ್ ಇಟ್ಟ ಮೇಲೆ ಆ ಮಾತು ತಾನಾಗೇ ಸ್ಪ್ಯಾನಿಷ್‌ನಲ್ಲಿ ಬಾಯಿಗೆ ಬಂತು. ಸ್ಪ್ಯಾನಿಷ್ ಪದಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೀತೀನಿ. ನಿಮ್ಮ ನೋಟ್‌ಬುಕ್ಕಲ್ಲಿ ಮಾತ್ರ ಅವರ ಅಕ್ಷರದಲ್ಲೇ ಬರ್ಕೊಳ್ಳಿ, ಇಲ್ಲದಿದ್ರೆ ಆಮೇಲೆ ಓದೋಕೆ ಬರಲ್ಲ.

ನನಗೆ ಐವತ್ತೆರಡು. ಏಳು ಎಕರೆ ಕಾಫಿ ತೋಟ, ಹೆಚ್ಚು ರೊಬಸ್ಟಾ, ಮೇಲಿನ ತಾಕಲ್ಲಿ ಸ್ವಲ್ಪ ಅರೇಬಿಕಾ. ಮನೆಮಾತು ಅರೆಭಾಷೆ. ಕೊಡವ ತಕ್ಕ್ ಶಾಲೆಯ ಗೆಳೆಯರಿಂದ ಬಂತು, ಮಲಯಾಳ ಅಂಗಡಿಗಳಿಂದ, ತುಳು ಅಮ್ಮನ ತವರಿಂದ. ಯಾವುದಕ್ಕೂ ವ್ಯಾಕರಣದ ಪುಸ್ತಕ ತೆರೆದವನಲ್ಲ. ಕೊಡಗಿನಲ್ಲಿ ಹುಟ್ಟಿದವರು ‘ನನಗೆ ಭಾಷೆ ತಲೆಗೆ ಹತ್ತಲ್ಲ’ ಅಂದ್ರೆ ನಾನಂತೂ ನಂಬಲ್ಲ.

ಸ್ಪ್ಯಾನಿಷ್ ಯಾಕೆ ಅಂದ್ರೆ ಕಾಫಿಗಾಗಿ. ಹೋದ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ಮನೆಯೊಳಗೇ ಕೂತು ಕೊಲಂಬಿಯಾದ ಬೆಳೆಗಾರರ ವಿಡಿಯೋ ನೋಡ್ತಿದ್ದೆ. ನಮ್ಮ ಹಾಗೇ ಇಳಿಜಾರು, ಸಣ್ಣ ಹಿಡುವಳಿ, ನಮ್ಮ ಹಾಗೇ ಬೆನ್ನಿಗೆ ಸ್ಪ್ರೇಯರ್. ಅವರು ‘ರೋಯಾ’ ಅಂತ ಬಯ್ಯೋದು ನಮ್ಮ ಎಲೆ ತುಕ್ಕು ರೋಗವನ್ನೇ. ಅದು ಕೊಲಂಬಿಯಾಕ್ಕೆ ಕಾಲಿಟ್ಟದ್ದು 1983ರಲ್ಲಿ, ನಮಗೆ ಹತ್ತೊಂಬತ್ತನೇ ಶತಮಾನದಿಂದಲೂ ಇರೋ ನಂಟ. ‘ಬ್ರೋಕಾ’ ಅಂದ್ರೆ ಬೆರಿ ಬೋರರ್, ಕಾಫಿ ಹಣ್ಣು ಕೊರೆಯೋ ಹುಳ. ಚಿಂಚಿನಾದಲ್ಲಿ 1938ರಲ್ಲಿ ಶುರುವಾದ ಅವರ ಸೆನಿಕಫೆ ಸಂಶೋಧನಾ ಕೇಂದ್ರ ರೈತರಿಗಾಗಿ ತರೋ ಪುಟ್ಟ ಪುಸ್ತಿಕೆಗಳು ಇಂಟರ್ನೆಟ್‌ನಲ್ಲಿ ಬಿಟ್ಟಿ ಸಿಗುತ್ತೆ. ಚಿತ್ರ ನೋಡಿದ್ರೆ ಅರ್ಧ ಅರ್ಥ ಆಗ್ತಿತ್ತು. ಉಳಿದರ್ಧ ಅರ್ಥ ಆಗದೆ ಹೊಟ್ಟೆ ಉರೀತಿತ್ತು.

ಈಗ ನಿಮ್ಮ ವಿಷಯಕ್ಕೆ ಬರೋಣ. ಮೊದಲು ಹೊತ್ತು ಗೊತ್ತು ಮಾಡ್ಕೊಳ್ಳಿ. ನನ್ನದು ಬೆಳಿಗ್ಗೆ ಐದೂಕಾಲರಿಂದ ಆರಕ್ಕೆ ಐದು ನಿಮಿಷ ಇರೋವರೆಗೆ, ಆಳುಗಳು ಬರೋ ಮುಂಚಿನ ನಲವತ್ತು ನಿಮಿಷ. ರಾತ್ರಿ ಕಲೀತೀನಿ ಅಂದ್ಕೊಂಡು ಮೂರು ವಾರ ನೋಡಿದೆ, ಮೂರು ವಾರವೂ ಪುಸ್ತಕ ಎದೆ ಮೇಲೆ, ನಾನು ಗೊರಕೆಯಲ್ಲಿ. ಅಮೆರಿಕದ ವಿದೇಶಾಂಗ ಇಲಾಖೆಯವರು ತಮ್ಮ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಸೋಕೆ ಸುಮಾರು ಆರೇಳುನೂರು ಗಂಟೆ ತರಗತಿ ಬೇಕು ಅಂತ ಲೆಕ್ಕ ಹಾಕ್ತಾರೆ. ದಿನಕ್ಕೆ ನಲವತ್ತು ನಿಮಿಷ ಅಂದ್ರೆ ವರ್ಷಕ್ಕೆ ಸುಮಾರು 240 ಗಂಟೆ. ಅಂದ್ರೆ ಮೂರು ವರ್ಷದ ಕೆಲಸ. ಅರೇಬಿಕಾ ಗಿಡ ನೆಟ್ಟು ಮೊದಲ ಫಸಲಿಗೆ ಕಾಯೋದೂ ಹೆಚ್ಚುಕಮ್ಮಿ ಅಷ್ಟೇ, ಅದನ್ನ ಯಾರೂ ತಡ ಅನ್ನಲ್ಲ.

ಪದಗಳನ್ನ ನಿಮ್ಮ ಕಸುಬಿನಿಂದ ಆರಿಸ್ಕೊಳ್ಳಿ. ನಾನು ಮೊದಲು ಕೊಂಡ ಪುಸ್ತಕ ವಿಮಾನ ನಿಲ್ದಾಣದಿಂದ ಶುರುವಾಗ್ತಿತ್ತು. ಪಾಸ್‌ಪೋರ್ಟ್ ಎಲ್ಲಿ, ಸೂಟ್‌ಕೇಸ್ ಎಲ್ಲಿ ಅಂತ ಒಂದು ತಿಂಗಳು ಬಾಯಿಪಾಠ ಮಾಡಿದೆ, ಒಂದೂ ನಿಲ್ಲಲಿಲ್ಲ. ಫಿಂಕಾ ತೋಟ, ಸೊಂಬ್ರಾ ನೆರಳು, ಕೊಸೆಚಾ ಕೊಯ್ಲು, ಪೋದಾ ಕಸಿ (ರೆಂಬೆ ಸವರೋದು), ದೆಸ್ಪುಲ್ಪದೋರಾ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್. ಇವು ಒಂದೇ ವಾರದಲ್ಲಿ ಕೂತ್ವು, ಯಾಕಂದ್ರೆ ದಿನಾ ಕೈಗೆ ಸಿಗೋ ವಸ್ತುಗಳು. ನೀವು ಟೈಲರ್ ಆದ್ರೆ ಕತ್ತರಿಯಿಂದ, ನರ್ಸ್ ಆದ್ರೆ ಜ್ವರದಿಂದ ಶುರು ಮಾಡಿ. ಇನ್ನು ಕೆಲವು ಪದ ಆಗ್ಲೇ ನಮ್ಮನೇಲಿವೆ, ಸ್ಪ್ಯಾನಿಷ್‌ನ ಅಕ್ಕಪಕ್ಕದ ಪೋರ್ಚುಗೀಸಿನಿಂದ ಬಂದವು. ಅಲಮಾರು ಅಲ್ಲಿ ಅರ್ಮಾರಿಯೊ, ಬಾಲ್ದಿ ಬಾಲ್ದೆ, ಪಾದ್ರಿ ಪಾದ್ರೆ. ನಮ್ಮ ತೋಟದ ಮೇಸ್ತ್ರಿ ಅವರ ಮಾಏಸ್ತ್ರೊ. ಗಾರೆ ಮೇಸ್ತ್ರಿಗೂ ಅವರು ಮಾಏಸ್ತ್ರೊ ಅಂತಲೇ ಅಂತಾರೆ. ಇದನ್ನ ನಮ್ಮ ಮೇಸ್ತ್ರಿಗೆ ಹೇಳಿದೆ. ‘ಹಾಗಾದ್ರೆ ಅಲ್ಲೂ ಸಂಬಳ ಇಷ್ಟೇನಾ?’ ಅಂದ.

ಕಾರ್ಡ್ ಮಾಡಿ. ಮದುವೆ ಕಾಗದಗಳ ಹಿಂಬದಿ ಖಾಲಿ ಇರುತ್ತಲ್ಲ, ಒಂದನ್ನ ನಾಲ್ಕು ತುಂಡು ಮಾಡಿ. ಒಂದು ಮಗ್ಗುಲು ಸ್ಪ್ಯಾನಿಷ್, ಇನ್ನೊಂದು ಮಗ್ಗುಲು ಕನ್ನಡ ಇಲ್ಲವೇ ಚಿತ್ರ. ಇಂಗ್ಲಿಷ್ ಬೇಡ, ಯಾಕೆ ಅಂತ ಆಮೇಲೆ ಹೇಳ್ತೀನಿ. ಬಿಸ್ಕತ್ ಡಬ್ಬದಲ್ಲಿ ರಟ್ಟು ಅಡ್ಡ ಇಟ್ಟು ಐದು ಖಾನೆ ಮಾಡಿದ್ದೀನಿ. ಹೊಸ ಕಾರ್ಡ್ ಒಂದನೇ ಖಾನೆಗೆ, ಅದನ್ನ ದಿನಾ ನೋಡ್ಬೇಕು. ಸರಿ ಹೇಳಿದ್ರೆ ಎರಡಕ್ಕೆ ಬಡ್ತಿ, ಅದು ಎರಡು ದಿನಕ್ಕೊಮ್ಮೆ. ಮೂರನೇದು ವಾರಕ್ಕೊಮ್ಮೆ, ನಾಲ್ಕು ಹದಿನೈದು ದಿನಕ್ಕೆ, ಐದು ತಿಂಗಳಿಗೆ. ಯಾವ ಖಾನೇಲಿ ತಪ್ಪಿದ್ರೂ ವಾಪಸ್ ಒಂದಕ್ಕೆ. ಇದು ನನ್ನ ಬುದ್ಧಿ ಅಲ್ಲ, ಲೈಟ್ನರ್ ಅನ್ನೋ ಜರ್ಮನ್ ಬರಹಗಾರ 1970ರ ದಶಕದಲ್ಲಿ ಜನಪ್ರಿಯ ಮಾಡಿದ್ದು. ಡಬ್ಬವನ್ನ ಒಲೆ ಮೇಲಿನ ಅಟ್ಟದಲ್ಲಿ ಇಡೋದು ಮಾತ್ರ ನನ್ನ ಬುದ್ಧಿ. ಮೊದಲ ಜುಲೈಯಲ್ಲಿ ಬೀರುವಲ್ಲಿಟ್ಟು, ಎಂಬತ್ತು ಕಾರ್ಡಿಗೆ ಬೂಷ್ಟು ಹಿಡೀತು.

ಮೊಬೈಲ್ ಆಪ್ ಸಾಲದಾ ಅಂತ ಮಗಳು ಕೇಳ್ತಾಳೆ. ಇರ್ಲಿ, ನನ್ನ ಹತ್ರಾನೂ ಇದೆ. ಆದ್ರೆ ಮಳೆಗಾಲದಲ್ಲಿ ಮರ ಲೈನ್ ಮೇಲೆ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಟವರ್ ಇಲ್ಲ ಅಂದ್ರೆ ಕಾಗದ ಮತ್ತು ಟಾರ್ಚ್ ಮಾತ್ರ ಕೈ ಹಿಡಿಯೋದು. ಕುಶಾಲನಗರಕ್ಕೆ ಹೋದಾಗ ಒಂದು ವಾರಕ್ಕಾಗೋಷ್ಟು ಆಡಿಯೋ ಇಳಿಸ್ಕೊಂಡು ಬರ್ತೀನಿ.

ಇನ್ನು ಮುಖ್ಯ ವಿಷಯ. ಸ್ಪ್ಯಾನಿಷ್‌ಗೆ ಇಂಗ್ಲಿಷ್ ದಾರಿಯಾಗಿ ಹೋಗ್ಬೇಡಿ. ಕನ್ನಡದಿಂದ ಒಳದಾರಿ ಇದೆ, ಅದೂ ಹತ್ತಿರದ್ದು. ಇದು ಗೊತ್ತಾಗೋಕೆ ನನಗೆ ಐದು ತಿಂಗಳು ಬೇಕಾಯ್ತು. ಆ ಐದು ತಿಂಗಳು ಎಲ್ಲವನ್ನೂ ಇಂಗ್ಲಿಷ್‌ಗೆ ತಿರುಗಿಸಿ, ಅಲ್ಲಿಂದ ಸ್ಪ್ಯಾನಿಷ್‌ಗೆ ದಾಟಿಸ್ತಿದ್ದೆ. ಒಂದು ದಿನ ಚಳಿ ಆಗ್ತಿದೆ ಅನ್ನೋಕೆ ‘ಸೋಯ್ ಫ್ರಿಯೊ’ ಅಂತ ಬರೆದೆ. ಹಾಗಂದ್ರೆ ‘ನಾನು ಭಾವನೆ ಇಲ್ಲದ ತಣ್ಣಗಿನ ಮನುಷ್ಯ’ ಅಂತ ಆಗುತ್ತಂತೆ. ಸರಿಯಾದದ್ದು ‘ತೆಂಗೊ ಫ್ರಿಯೊ’, ನನ್ನ ಹತ್ರ ಚಳಿ ಇದೆ. ಕನ್ನಡದವರು ಯಾರಾದ್ರೂ ‘ನಾನು ಚಳಿ’ ಅಂತಾರಾ? ‘ನನಗೆ ಚಳಿ’ ಅಂತೀವಿ. ಆ ತಪ್ಪು ನನ್ನದಲ್ಲ, ಇಂಗ್ಲಿಷಿನದು.

‘ಮೆ ಗುಸ್ತಾ ಎಲ್ ಕಫೆ’ ನೋಡಿ. ನನಗೆ ಕಾಫಿ ಇಷ್ಟ. ಇಂಗ್ಲಿಷ್ ಬಲ್ಲವರಿಗೆ ಇದು ತಲೆಕೆಳಗು, ಅವರಲ್ಲಿ ಇಷ್ಟಪಡೋನೇ ಕರ್ತೃ. ನಮ್ಮಲ್ಲೂ ಸ್ಪ್ಯಾನಿಷ್‌ನಲ್ಲೂ ಕಾಫಿಯೇ ಕರ್ತೃ, ನಾನು ಬರೀ ‘ನನಗೆ’. ‘ಮೆ ದುವೆಲೆ ಲಾ ಕಬೆಸಾ’, ನನಗೆ ತಲೆ ನೋಯುತ್ತೆ. ಪದಕ್ಕೆ ಪದ ಕೂರುತ್ತೆ. ಕ್ರಿಯಾಪದವೂ ಹಾಗೇ. ನಾವು ‘ಬಂದೆ’ ಅಂದ್ರೆ ಸಾಕು, ‘ನಾನು’ ಬೇಕಿಲ್ಲ, ಬಾಲ ನೋಡಿದ್ರೆ ಯಾರು ಅಂತ ತಿಳಿಯುತ್ತೆ. ಸ್ಪ್ಯಾನಿಷ್‌ನವರೂ ‘ಆಬ್ಲೊ’ ಅಂದ್ರೆ ಮಾತಾಡ್ತೀನಿ, ‘ಆಬ್ಲಾಮೊಸ್’ ಅಂದ್ರೆ ಮಾತಾಡ್ತೀವಿ. ನೀನು-ನೀವು ಅವರಲ್ಲೂ ಇದೆ: ತು, ಉಸ್ತೆದ್. ಕೊಲಂಬಿಯಾದ ಬೆಟ್ಟದ ಸೀಮೆಗಳಲ್ಲಿ ಮನೆಯೊಳಗೂ ಉಸ್ತೆದ್ ಅನ್ನೋದು ರೂಢಿ, ಹಾಗಾಗಿ ಮೊದಲು ಅದನ್ನೇ ಕಲೀರಿ. ಅದಕ್ಕೆ ‘ಅವನು’ ರೂಪದ ಕ್ರಿಯಾಪದವೇ ಸಾಕು, ಒಂದು ಬಾಲ ಉಳೀತು.

‘ಇರು’ ಅನ್ನೋಕೆ ಅವರಲ್ಲಿ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ನಿಯಮ ಕೊಡ್ತವೆ. ನನ್ನದು ತೋಟದ ನಿಯಮ: ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ಕಡೆ ಸೆರ್, ‘ಇದ್ದಾನೆ, ಇದೆ’ ಬರೋ ಕಡೆ ಎಸ್ತಾರ್. ‘ಅವನು ಮೇಸ್ತ್ರಿ’ಗೆ ಸೆರ್. ‘ಅವನು ಕಣದಲ್ಲಿದ್ದಾನೆ’ಗೆ ಎಸ್ತಾರ್. ‘ಅವನು ಒಳ್ಳೆಯವನು’ಗೆ ಸೆರ್, ‘ಅವನು ಚೆನ್ನಾಗಿದ್ದಾನೆ’ಗೆ ಎಸ್ತಾರ್. ‘ಕಾಫಿ ಬಿಸಿ ಇದೆ’ಗೆ ಎಸ್ತಾರ್. ಹತ್ತಕ್ಕೆ ಎಂಟು ಸಲ ಸರಿ ಹೋಗುತ್ತೆ, ಉಳಿದೆರಡು ಸಲ ಬಯ್ಸಿಕೊಂಡು ಕಲೀಬೇಕು. ಆನೆ ವಿಷಯದಲ್ಲಿ ಮಾತ್ರ ಹುಷಾರು. ‘ತೋಟದಲ್ಲಿ ಒಂದು ಆನೆ ಇದೆ’ ಅನ್ನೋ ಹೊಸ ಸುದ್ದಿಗೆ ‘ಆಯ್’. ಎಲ್ಲರಿಗೂ ಗೊತ್ತಿರೋ ಆ ಸಲಗ ಎಲ್ಲಿದೆ ಅಂತ ಹೇಳೋಕೆ ‘ಎಲ್ ಎಲೆಫಾಂತೆ ಎಸ್ತಾ ಎನ್ ಲಾ ಫಿಂಕಾ.’

ಎಲ್ಲರೂ ಹೆದರಿಸೋ ಸಬ್ಜಂಕ್ಟಿವ್ ಅನ್ನೋದೊಂದಿದೆ, ಆಸೆ, ಅನುಮಾನ ಹೇಳೋ ಕ್ರಿಯಾಪದದ ರೂಪ. ಮಾರ್ಚ್‌ನಲ್ಲಿ ಮೋಡ ನೋಡಿ, ಕಾಫಿ ಹೂ ಅರಳೋಕೆ ‘ಹೂಮಳೆ ಬರಲಿ’ ಅಂತೀವಲ್ಲ, ಆ ‘ಬರಲಿ’ಯಿಂದ ಅದರೊಳಗೆ ಕಾಲಿಡಿ. ‘ಕೆ ಯುವೆಬಾ’, ಮಳೆ ಬರಲಿ. ಇಷ್ಟು ಗೊತ್ತಿದ್ದೂ ನಾನು ಒಂದಿಡೀ ತಿಂಗಳು ಕೋಷ್ಟಕ ಬರೆದು ಕೈ ನೋಯಿಸ್ಕೊಂಡೆ.

ಕನ್ನಡ ಕೈಕೊಡೋ ಜಾಗಗಳೂ ಇವೆ. ನಮ್ಮಲ್ಲಿ ವಸ್ತುಗಳೆಲ್ಲ ನಪುಂಸಕ, ಜಗಳವೇ ಇಲ್ಲ. ಅವರಲ್ಲಿ ಮೇಜು ಹೆಣ್ಣು, ಕಾಫಿ ಗಂಡು. ಕೈ ಅನ್ನೋ ‘ಮಾನೊ’, ಕೊನೆಯ ‘ಒ’ದಿಂದಾಗಿ ಗಂಡಿನ ವೇಷದಲ್ಲಿರೋ ಹೆಣ್ಣು. ಕಾರಣ ಹುಡುಕ್ಬೇಡಿ. ಕಾರ್ಡಲ್ಲಿ ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು ಶಾಯಿ, ಗಂಡಿನ ‘ಎಲ್’ ಇಲ್ಲವೇ ಹೆಣ್ಣಿನ ‘ಲಾ’ ಸೇರಿಸದೆ ಯಾವ ಪದವನ್ನೂ ಬರೀಬೇಡಿ. ಇನ್ನೊಂದು, ಒತ್ತು. ನಾವು ಒತ್ತಿಗೆ ತಲೆ ಕೆಡಿಸ್ಕೊಳ್ಳಲ್ಲ. ಅಲ್ಲಿ ಮೊದಲಕ್ಷರ ಒತ್ತಿ ‘ಪಾಪ’ ಅಂದ್ರೆ ಆಲೂಗಡ್ಡೆ, ಕೊನೆಯದನ್ನ ಒತ್ತಿ ‘ಪಪಾ’ ಅಂದ್ರೆ ಅಪ್ಪ.

ಉಚ್ಚಾರಣೆ ಬಹುಪಾಲು ನಮಗೆ ಸಲೀಸು. ತ, ದ ನಮ್ಮ ತ, ದ. ಇಂಗ್ಲಿಷ್ ಶಾಲೆಯ ಚಟದಿಂದ ಟ, ಡ ಮಾಡ್ಬೇಡಿ. ಎಚ್ ಅಕ್ಷರಕ್ಕೆ ಸದ್ದಿಲ್ಲ, ಜೆ ಅಕ್ಷರ ಗಂಟಲಿನ ಹ, ತಲೆ ಮೇಲೆ ಅಲೆ ಇರೋ ಎನ್ ನಮ್ಮ ಞ. ‘ಪೆರೊ’ ಅಂದ್ರೆ ಆದರೆ, ‘ಪೆರ್ರೊ’ ಅಂದ್ರೆ ನಾಯಿ. ಹಳಗನ್ನಡದಲ್ಲಿ ಶಕಟರೇಫ ಅಂತ ಎರಡನೇ ರ ಇತ್ತಲ್ಲ, ಅದನ್ನ ಕಳ್ಕೊಂಡದ್ದಕ್ಕೆ ನಾನು ಬೇಜಾರಾದದ್ದು ಜೀವನದಲ್ಲಿ ಇದೊಂದೇ ಸಲ. ದಿನಾ ಒಂದೇ ನಿಮಿಷದ ಆಡಿಯೋವನ್ನ ಹತ್ತು ಸಲ ಕೇಳಿ, ಜೊತೆಜೊತೆಗೇ ಜೋರಾಗಿ ಹೇಳಿ. ಮನಸ್ಸಲ್ಲೇ ಓದಿದ್ದು ಬಾಯಿಗೆ ಬರಲ್ಲ. ನಮ್ಮ ನಾಯಿ ಈಗ ‘ಪೆರ್ರೊ’ ಅಂದ್ರೆ ಕಿವಿ ನೆಟ್ಟಗೆ ಮಾಡುತ್ತೆ.

ಡಿಕ್ಷನರಿ ಕೊಳ್ಳೋವಾಗ ಇಸವಿ ನೋಡಿ. ಮೈಸೂರಲ್ಲಿ ಹಳೇ ಪುಸ್ತಕದಂಗಡೀಲಿ ಒಂದು ದಪ್ಪನೆಯದು ಅಗ್ಗಕ್ಕೆ ಸಿಕ್ತು ಅಂತ ಹಿಗ್ಗಿದ್ದೆ. ಕಾಫಿ ವಿಡಿಯೋದಲ್ಲಿ ಕೇಳಿದ ‘ಚುಪೋನ್’ ಹುಡುಕಿದ್ರೆ ಸಿ ಅಕ್ಷರದಡಿ ಇಲ್ಲವೇ ಇಲ್ಲ. ಎರಡು ದಿನ ಆದ ಮೇಲೆ ಗೊತ್ತಾಯ್ತು, ಹಿಂದೆ ಅವರು ಸಿ-ಎಚ್ ಜೋಡಿಯನ್ನ ಬೇರೆ ಅಕ್ಷರ ಅಂತ ಸಿ ಮುಗಿದ ಮೇಲೆ ಇಡ್ತಿದ್ರು, ಆ ಪದ್ಧತಿ ಬಿಟ್ಟದ್ದು 1994ರಲ್ಲಿ. ಕೊನೆಗೂ ಸಿಕ್ಕ ಅರ್ಥ, ಮಗುವಿನ ಬಾಯಿಗಿಡೋ ರಬ್ಬರ್ ತೊಟ್ಟು. ಕಾಫಿ ಗಿಡಕ್ಕೂ ತೊಟ್ಟಿಗೂ ಏನು ಸಂಬಂಧ ಅಂತ ವಿಡಿಯೋ ಮತ್ತೆ ನೋಡಿದೆ. ಅದರಲ್ಲಿ ಬೆಳೆಗಾರ ಕಾಂಡದ ಬುಡದಲ್ಲಿ ಎದ್ದ ಚಿಗುರು ಕಿತ್ತು ಕೈಯಲ್ಲಿ ಹಿಡಿದಿದ್ದ. ಗಿಡದ ರಸ ಹೀರೋ ಚಿಗುರು, ಅದೂ ಚುಪೋನ್.

ದೇಶ ಬದಲಾದ್ರೆ ಪದವೂ ಬದಲಾಗುತ್ತೆ ಅನ್ನೋದನ್ನ ಮರೀಬೇಡಿ. ನನ್ನ ಪಾಠದ ಪುಸ್ತಕ ಸ್ಪೇನಿನದು, ಅದರಲ್ಲಿ ‘ತಿಂತೊ’ ಅಂದ್ರೆ ಕೆಂಪು ವೈನ್. ವಿಡಿಯೋದಲ್ಲಿ ನೋಡಿದ್ರೆ ಕೊಯ್ಲಿನ ಆಳುಗಳು ಬೆಳಿಗ್ಗೆ ಆರಕ್ಕೇ ತಿಂತೊ ಕುಡಿದು ಬುಟ್ಟಿ ಕಟ್ಕೊಂಡು ಹೊರಟ್ರು. ವೈನ್ ಮಾರಿ ಹೆಸರಾದ ನಮ್ಮ ಜಿಲ್ಲೆಗೂ ಮೇಲಿನವರು ಇದ್ದಾರಲ್ಲ ಅಂತ ವಾರವಿಡೀ ಅಂದ್ಕೊಂಡಿದ್ದೆ. ಕೊಲಂಬಿಯಾದಲ್ಲಿ ತಿಂತೊ ಅಂದ್ರೆ ಬರೀ ಕಪ್ಪು ಕಾಫಿ.

ಮಾತಾಡೋಕೆ ಜನ ಬೇಕು. ಆರನೇ ತಿಂಗಳಲ್ಲಿ ಕೊಲಂಬಿಯಾದ ಉಯಿಲಾ ಪ್ರಾಂತ್ಯದ ಒಬ್ಬ ಬೆಳೆಗಾರ ಸಿಕ್ಕಿದ, ಅವನಿಗೆ ಇಂಗ್ಲಿಷ್ ಬೇಕಿತ್ತು, ನನಗೆ ಸ್ಪ್ಯಾನಿಷ್. ಅವರಿಗೂ ನಮಗೂ ಹತ್ತೂವರೆ ಗಂಟೆ ಅಂತರ. ನಮ್ಮ ಬೆಳಿಗ್ಗೆ ಐದೂವರೆ ಅಂದ್ರೆ ಅಲ್ಲಿ ಹಿಂದಿನ ದಿನದ ಸಂಜೆ ಏಳು, ಇಬ್ಬರಿಗೂ ಬಿಡುವು. ಗುರುವಾರ ಮಾತ್ರ ಕಾರ್ಡ್ ಬಿಟ್ಟು ಅವನ ಜೊತೆ ಮಾತು, ಹತ್ತು ನಿಮಿಷ ಅವನ ಭಾಷೆ, ಹತ್ತು ನಿಮಿಷ ಇಂಗ್ಲಿಷ್. ಮೊದಲ ಸಲ ನಾನು ಬರೆದಿಟ್ಟದ್ದನ್ನ ಓದಿದೆ, ಅವನು ಏನೋ ಕೇಳಿದ, ನಾನು ‘ಸಿ, ಸಿ’ (ಹೌದು, ಹೌದು) ಅಂದೆ. ಮೂರು ವಾರ ಆದ ಮೇಲೆ ತಿಳೀತು, ಕಾಳುಮೆಣಸಿನ ಬಳ್ಳಿಯನ್ನ ನೆರಳಿನ ಮರಕ್ಕೇ ಹಬ್ಬಿಸ್ತೀರಾ ಅಂತ ಕೇಳಿದ್ದ. ಉತ್ತರ ಹೇಗೂ ಸರಿಯಾಗಿತ್ತು.

ಹದಿನಾಲ್ಕು ತಿಂಗಳಾಯ್ತು. ಕಾಫಿ ವಿಡಿಯೋ ಮುಕ್ಕಾಲು ತಿಳಿಯುತ್ತೆ, ವಾರ್ತೆ ಕಾಲು ಭಾಗವೂ ಇಲ್ಲ. ಮೊನ್ನೆ ಗುರುವಾರ ಅವನಿಗೆ ಆನೆಯ ವಾಕ್ಯ ಹೇಳಿದೆ. ಅವನು ನಕ್ಕು, ಪದ ತಪ್ಪಿದೆ, ಹಸು ಅಂತಿರ್ಬೇಕು ಅಂದ. ಇಲ್ಲ ಮಾರಾಯ ಅಂತ ಹೊರಗೆ ಹೋಗಿ, ಮುರಿದ ಬೇಲಿ, ಪಕ್ಕದಲ್ಲಿ ಬಾಲ್ದಿಯಷ್ಟು ಲದ್ದಿ, ಅದರ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಹ್ವೆಪುಚಾ!’ ಅಂದ. ನನ್ನ ದಪ್ಪ ಡಿಕ್ಷನರೀಲಿ ಆ ಪದ ಇಲ್ಲ. ಕಾರ್ಡ್ ಮಾಡಿ ಒಂದನೇ ಖಾನೆಗೆ ಹಾಕಿದ್ದೀನಿ.