ಕಂಪನಿ ಮುಚ್ಚಿದ ಪೆಲೆಟ್ ಗ್ರಿಲ್‌ಗೆ ಬೆಂಗಳೂರಿನಲ್ಲಿ ಬಿಡಿಭಾಗ ಹೊಂದಿಸಿದ್ದು

ಅಮೆರಿಕದಿಂದ ಮರಳುವಾಗ ನನ್ನ ಭಾವ ಮನೆ ಸಾಮಾನಿನ ಜೊತೆ ತಂದ ಪೆಲೆಟ್ ಗ್ರಿಲ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳನ್ನು ಉರಿಸುವ ಒಲೆ) ನಮ್ಮ ತಾರಸಿಗೆ ಬರುವ ಹೊತ್ತಿಗೆ ಅದನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು. ಕಂಟ್ರೋಲರ್ ಸತ್ತಿತ್ತು, ಇಗ್ನೈಟರ್ ಉರಿಯುತ್ತಿರಲಿಲ್ಲ, ಬೆಂಕಿ ಕೂರುವ ಫೈರ್ ಪಾಟ್ ತುಕ್ಕು ಹಿಡಿದು ತೂತಾಗಿತ್ತು. ಆ ಬ್ರ್ಯಾಂಡಿನ ಪಾರ್ಟ್ ನಂಬರ್ ಹಿಡಿದು ಹುಡುಕುವುದನ್ನು ನಾನು ಬೇಗನೆ ಕೈಬಿಟ್ಟೆ. ಈ ಬಗೆಯ ಒಲೆಗೆ ಅಮೆರಿಕದ ಗ್ರಿಲ್ ತಯಾರಕ ಟ್ರೇಗರ್ ಪಡೆದಿದ್ದ ಪೇಟೆಂಟ್ 2006ರಲ್ಲಿ ಮುಗಿದ ಮೇಲೆ ಅನೇಕ ಕಂಪನಿಗಳು ಅದೇ ವಿನ್ಯಾಸವನ್ನು ಅನುಸರಿಸಿದವು. ಎಲ್ಲದರ ಒಳಗೂ ಪೆಲೆಟ್ ತಳ್ಳುವ ತಿರುಪು, ಅದನ್ನು ನಿಧಾನವಾಗಿ ತಿರುಗಿಸುವ ಗೇರ್ ಮೋಟರ್, ಗಾಳಿ ಊದುವ ಫ್ಯಾನ್, ಹೊತ್ತಿಸುವ ಕಡ್ಡಿ ಮತ್ತು ತಾಪ ಅಳೆಯುವ ಸೆನ್ಸರ್ ಇರುತ್ತವೆ. ಆದ್ದರಿಂದ ಹುಡುಕಬೇಕಾದದ್ದು ಹೆಸರನ್ನಲ್ಲ, ಅಳತೆಯನ್ನು.

ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು ಇದನ್ನೇ ಚುಟುಕಾಗಿ ಹೇಳಿದರು: "ಸಾರ್, ನಂಬರ್ ಬಿಡಿ. ವೋಲ್ಟ್ ಎಷ್ಟು, ವ್ಯಾಟ್ ಎಷ್ಟು, ಸೈಜ್ ಎಷ್ಟು, ಅದು ಹೇಳಿ."

ನನ್ನ ಗ್ರಿಲ್ 120 ವೋಲ್ಟ್, 60 ಹರ್ಟ್ಜ್‌ನದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜು ಇಳಿಯುತ್ತದೆಯೇ ಹೊರತು ಫ್ರೀಕ್ವೆನ್ಸಿ ಬದಲಾಗುವುದಿಲ್ಲ. ನಿಮಿಷಕ್ಕೆ 2 ಸುತ್ತು ತಿರುಗಬೇಕಾದ ಮೋಟರ್ ನಮ್ಮ 50 ಹರ್ಟ್ಜ್‌ನಲ್ಲಿ ಸುಮಾರು 1.7 ಸುತ್ತಿಗೆ ಇಳಿಯುತ್ತದೆ, ಪೆಲೆಟ್ ಕಡಿಮೆ ಬೀಳುತ್ತದೆ, ಗ್ರಿಲ್ ಬಿಸಿಯಾಗಲು ಒದ್ದಾಡುತ್ತದೆ. ಕಂಟ್ರೋಲರ್ ಹೇಗೂ ಹೋಗಿದ್ದರಿಂದ ಎಲ್ಲವನ್ನೂ 230 ವೋಲ್ಟ್‌ಗೇ ಬದಲಿಸುವುದೆಂದು ತೀರ್ಮಾನಿಸಿದೆ.

ಇಗ್ನೈಟರ್ ಎಂದು ಕೇಳಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ; ಕಾರ್ಟ್ರಿಡ್ಜ್ ಹೀಟರ್ (ಕಡ್ಡಿಯಾಕಾರದ ಹೀಟರ್) ಎಂದರೆ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅಳತೆ ಕೊಟ್ಟು ಮಾಡಿಸಬಹುದು. ಹಳೆಯದರ ದಪ್ಪ 3/8 ಅಂಗುಲ, ಅಂದರೆ 9.5 ಮಿ.ಮೀ.; ಮೇಲೆ 200 ವ್ಯಾಟ್ ಎಂದು ಕೊರೆದಿತ್ತು. 120 ವೋಲ್ಟಿನ ಇಂಥ ಕಡ್ಡಿಯನ್ನು ನಮ್ಮ ಮನೆಯ ಕರೆಂಟಿಗೆ ನೇರವಾಗಿ ಕೊಟ್ಟರೆ ಅದು 700 ವ್ಯಾಟಿಗೂ ಹೆಚ್ಚು ಎಳೆದು ಸುಟ್ಟುಹೋಗುತ್ತದೆ. 230 ವೋಲ್ಟ್, 200 ವ್ಯಾಟಿಗೆ ಆರ್ಡರ್ ಕೊಟ್ಟು, ವೈರ್ ಹೊರಡುವ ತುದಿಯ ಕಡೆ ಬಿಸಿಯಾಗದ ಭಾಗ ಬಿಡಬೇಕೆಂದೂ ವೈರಿಗೆ ಫೈಬರ್ ಗ್ಲಾಸ್ ಸ್ಲೀವ್ ಇರಬೇಕೆಂದೂ ಬರೆದುಕೊಟ್ಟೆ. ಜೋಡಿಸುವ ಮುನ್ನ ಮಲ್ಟಿಮೀಟರಿನಲ್ಲಿ ನೋಡಿದರೆ ಸುಮಾರು 265 ಓಮ್ ಬರಬೇಕು. ಇಂಥ ಹೀಟರ್‌ಗಳನ್ನು ಲೋಹದ ರಂಧ್ರದೊಳಗೆ ಬಿಗಿಯಾಗಿ ಕೂರಲೆಂದು ಮಾಡಿರುತ್ತಾರೆ. ಬಯಲಿನಲ್ಲಿ ಹೆಚ್ಚು ಹೊತ್ತು ಉರಿದರೆ ಬಾಳಿಕೆ ಬರುವುದಿಲ್ಲ. ಅದಕ್ಕಾಗಿ ಐದು ನಿಮಿಷಕ್ಕೆ ಕಡಿತಗೊಳ್ಳುವ ಟೈಮರ್ ಹಾಕಿದೆ.

ಮೋಟರಿನಲ್ಲಿ ಒಂದು ಸೂಕ್ಷ್ಮವಿದೆ. ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಚಿಕ್ಕ ಸಿಂಕ್ರೊನಸ್ ಗೇರ್ ಮೋಟರ್‌ಗಳಲ್ಲಿ ಎರಡೇ ವೈರಿನವು ಸ್ವಿಚ್ ಹಾಕಿದಾಗ ಯಾವ ದಿಕ್ಕಿಗೆ ಬೇಕಾದರೂ ಹೊರಡಬಹುದು. ಅಲಂಕಾರದ ತಿರುಗುವ ತಟ್ಟೆಗೆ ಅದರಿಂದ ತೊಂದರೆಯಿಲ್ಲ, ಪೆಲೆಟ್ ತಳ್ಳುವ ತಿರುಪಿಗೆ ಅದು ಸರ್ವಥಾ ಸಲ್ಲದು. ಕೆಪಾಸಿಟರ್ ಜೊತೆಗೆ ಬರುವ ಮೂರು ವೈರಿನ, ದಿಕ್ಕು ನಿಗದಿಯಾದ, 2.5 ಸುತ್ತಿನ ಮೋಟರನ್ನೇ ಕೇಳಿ ತಂದೆ. ಅದರ ಶಾಫ್ಟ್ 7 ಮಿ.ಮೀ., ತಿರುಪಿನದು ಅದಕ್ಕಿಂತ ದಪ್ಪ. ನಡುವಿನ ಕಪ್ಲಿಂಗನ್ನು ಲೇತ್‌ನಲ್ಲಿ ಕಡೆಸಿ, ಅಡ್ಡಲಾಗಿ ಮೆದು ಹಿತ್ತಾಳೆಯ ಪಿನ್ ಹಾಕಿಸಿದೆ. ಮಳೆಗಾಲದಲ್ಲಿ ಪೆಲೆಟ್ ತೇವ ಹೀರಿ ಉಬ್ಬಿ ಸಿಕ್ಕಿಕೊಂಡಾಗ ಮುರಿಯಬೇಕಾದದ್ದು ಆ ಪಿನ್, ಗೇರ್ ಅಲ್ಲ.

ಫೈರ್ ಪಾಟ್‌ಗೆ ಹೆಚ್ಚು ಓಡಾಟವಾಯಿತು. ಗಾಳಿಯ ರಂಧ್ರಗಳ ಗಾತ್ರ ಮತ್ತು ಸ್ಥಾನ ತಪ್ಪಿದರೆ ಹೊಗೆ ಮಾತ್ರ ಬರುತ್ತದೆ. ಹಳೆಯದರ ಸುತ್ತ ಬಿಳಿ ಹಾಳೆ ಬಿಗಿದು, ಪೆನ್ಸಿಲ್ ಮಲಗಿಸಿ ಉಜ್ಜಿದಾಗ ಪ್ರತಿ ರಂಧ್ರದ ಅಂಚೂ ಹಾಳೆಯಲ್ಲಿ ಮೂಡಿತು. ತುಕ್ಕು ತಿಂದ ಕಡೆಯ ರಂಧ್ರಗಳನ್ನು ಎದುರು ಬದಿಯವುಗಳಿಂದ ಊಹಿಸಿದೆ. ಆ ಹಾಳೆಯನ್ನು ಬಿಚ್ಚಿ ಹರಡಿದರೆ ಅದೇ ಲೇಸರ್ ಕಟಿಂಗಿನ ನಕ್ಷೆ. ಪೀಣ್ಯದಲ್ಲಿ ಒಂದೇ ಪೀಸಿಗಾಗಿ ಮಷಿನ್ ಸೆಟ್ ಮಾಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಬೇರೆ ಕೆಲಸದಲ್ಲಿ ಉಳಿದ 310 ದರ್ಜೆಯ ಸ್ಟೇನ್‌ಲೆಸ್ ತುಂಡು ಸಿಕ್ಕಾಗ ಕತ್ತರಿಸಿಕೊಡಿ ಎಂದು ಕೇಳಿ ಎರಡು ಮಾಡಿಸಿಕೊಂಡೆ. 304 ಅಗ್ಗ, ಆದರೆ ಕೆಂಪಗೆ ಕಾಯುವ ಜಾಗದಲ್ಲಿ 310 ಹೆಚ್ಚು ಬಾಳುತ್ತದೆ. ಜಿ.ಐ. ಶೀಟನ್ನಂತೂ ಒಪ್ಪಬಾರದು, ಕಾದಾಗ ಅದರ ಸತುವಿನ ಹೊಗೆ ಅಡುಗೆಯ ಜಾಗಕ್ಕೆ ಬರುತ್ತದೆ.

ಕಂಟ್ರೋಲರ್ ಬದಲಿಗೆ ಕಾರ್ಖಾನೆಗಳಲ್ಲಿ ಬಳಸುವ ಸಾಮಾನ್ಯ ಪಿಐಡಿ ಟೆಂಪರೇಚರ್ ಕಂಟ್ರೋಲರ್ (ತಾಪ ನೋಡಿಕೊಂಡು ಔಟ್‌ಪುಟ್ಟನ್ನು ತಾನೇ ಹೆಚ್ಚು ಕಡಿಮೆ ಮಾಡುವ ಸಾಧನ) ತಂದೆ. ಹಳೆಯ ಸೆನ್ಸರ್ ಚೆನ್ನಾಗಿಯೇ ಇತ್ತು. ಕೋಣೆಯ ತಾಪದಲ್ಲಿ ಸುಮಾರು 1,100 ಓಮ್ ತೋರಿಸಿದ್ದರಿಂದ ಅದು ಪಿಟಿ1000, ಅಂದರೆ ಸೊನ್ನೆ ಡಿಗ್ರಿಯಲ್ಲಿ 1,000 ಓಮ್ ತೋರಿಸುವ ಬಗೆ, ಎಂದು ಗೊತ್ತಾಯಿತು. ನಾನು ಕೊಂಡ ಕಂಟ್ರೋಲರ್ 100 ಓಮ್‌ನ ಪಿಟಿ100 ಮಾತ್ರ ಓದುವುದರಿಂದ ಸೆನ್ಸರನ್ನೂ ಬದಲಿಸಿದೆ. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ನೆನಪಿಡಬೇಕು: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ 100 ತೋರಿಸದಿದ್ದರೆ ಸೆನ್ಸರನ್ನು ದೂರಬೇಕಿಲ್ಲ.

ಮೋಟರನ್ನು ಪ್ರತಿ 20 ಸೆಕೆಂಡಿನ ಆವರ್ತದಲ್ಲಿ ಆನ್ ಆಫ್ ಮಾಡಬೇಕಾದ್ದರಿಂದ, ರಿಲೇ ಸವೆಯದಿರಲೆಂದು ಒಳಗೆ ಚಲಿಸುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇ ಹಾಕಿದೆ. ಇದಕ್ಕಿಂತ ಮುಖ್ಯವಾದದ್ದು ಔಟ್‌ಪುಟ್‌ನ ಕನಿಷ್ಠ ಮಿತಿ, ಅಂದರೆ ಪ್ರತಿ ಆವರ್ತದಲ್ಲಿ ಮೋಟರ್ ಕನಿಷ್ಠ ಎಷ್ಟು ಹೊತ್ತು ಆನ್ ಇರಬೇಕು ಎಂಬುದು. ಕಾರ್ಖಾನೆಯ ಹೀಟರ್ ತಾಪ ತಲುಪಿದಾಗ ಪೂರ್ತಿ ಆಫ್ ಆದರೂ ನಡೆಯುತ್ತದೆ. ಇಲ್ಲಿ ಪೆಲೆಟ್ ಪೂರ್ತಿ ನಿಂತರೆ ಬೆಂಕಿಯೇ ಆರುತ್ತದೆ. ಟ್ರೇಗರ್‌ನ ಹಳೆಯ ಕಂಟ್ರೋಲರ್‌ಗಳು ಹೊಗೆಯ ಹಂತದಲ್ಲಿ 15 ಸೆಕೆಂಡ್ ಆನ್, 65 ಸೆಕೆಂಡ್ ಆಫ್ ಲೆಕ್ಕದಲ್ಲಿ ನಡೆಯುತ್ತಿದ್ದವು, ಅಂದರೆ ಶೇ. 19ರಷ್ಟು. ನನ್ನ ಮೋಟರ್ ಸ್ವಲ್ಪ ವೇಗದ್ದಾದ್ದರಿಂದ ಕನಿಷ್ಠ ಮಿತಿಯನ್ನು ಶೇ. 15ಕ್ಕೆ ನಿಲ್ಲಿಸಿದೆ, ಸಣ್ಣ ಉರಿ ಆರದೆ ಉಳಿಯಿತು.

ಫ್ಯಾನನ್ನು ಮಾತ್ರ ಪಿಐಡಿಗೆ ಜೋಡಿಸಲಿಲ್ಲ. ಮೋಟರ್ ನಿಂತ ಮೇಲೂ ಪಾಟ್‌ನಲ್ಲಿ ಉಳಿದ ಕೆಂಡ ಪೂರ್ತಿ ಉರಿದು ಮುಗಿಯಬೇಕು, ಇಲ್ಲದಿದ್ದರೆ ಬೆಂಕಿ ತಿರುಪಿನ ಕೊಳವೆಯಲ್ಲಿ ಹಿಂದಕ್ಕೆ ನಡೆದು ಪೆಲೆಟ್ ತುಂಬಿದ ಹಾಪರ್ ಪೆಟ್ಟಿಗೆಯನ್ನು ಮುಟ್ಟಬಹುದು. ಅದಕ್ಕಾಗಿ ಮುಖ್ಯ ಸ್ವಿಚ್ ಆಫ್ ಮಾಡಿದ ನಂತರವೂ ಫ್ಯಾನ್ ಹತ್ತು ನಿಮಿಷ ತಿರುಗುವಂತೆ ಆಫ್ ಡಿಲೇ ಟೈಮರ್ ಹಾಕಿ, ಗ್ರಿಲ್ಲಿನ ಲೋಹದ ಮೈಗೆ ಪ್ರತ್ಯೇಕ ಅರ್ಥಿಂಗ್ ಎಳೆಸಿದೆ.