ಹಳೆ ಮಾರುತಿ 800: ಟ್ಯಾಪೆಟ್ ಕವರ್ ಪ್ಯಾಕಿಂಗ್ ನಾನೇ ಬದಲಿಸಿದೆ

ನಮ್ಮ ಮನೆಯದು ಕಾರ್ಬ್ಯುರೇಟರ್ ಕಾಲದ ಮಾರುತಿ 800. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಹೋದ ಬೇಸಿಗೆಯಲ್ಲಿ ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಸುಟ್ಟೆಣ್ಣೆಯ ವಾಸನೆ ಬರತೊಡಗಿತು. ಬಾನೆಟ್ ಎತ್ತಿದರೆ ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ ಹೆಡ್ಡಿನ ಮೇಲೆ ಕೂರುವ ಮುಚ್ಚಳದ ಅಂಚಿನುದ್ದಕ್ಕೂ ಆಯಿಲ್ ಒಸರಿ, ಸೇಡಂ ರಸ್ತೆಯ ಧೂಳೆಲ್ಲ ಅದಕ್ಕೆ ಮೆತ್ತಿ ಕರಿ ರಾಡಿಯಾಗಿತ್ತು. ಅದೇ ಆಯಿಲ್ ಕೆಳಗಿಳಿದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಸುಡುತ್ತಿತ್ತು.

"ಬೋಲ್ಟ್ ಟೈಟ್ ಮಾಡಿ ಮ್ಯಾಲ ಸಿಲಿಕಾನ್ ಹಚ್ಚಿ ಕೊಡ್ತೀನ್ರಿ ಅಣ್ಣಾ, ಮಳಿಗಾಲದ ತನಕ ನಡೀತದ" ಅಂದ ಪರಿಚಯದ ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ಎಂಜಿನ್ ಕಾದಾಗ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಆ ಕೂದಲೆಳೆಯಷ್ಟು ಸಂದಿಯನ್ನು ಪ್ರತಿಸಲ ತುಂಬಿಕೊಳ್ಳುವುದು ಕವರ್ ಮತ್ತು ಹೆಡ್ಡಿನ ನಡುವೆ ಕೂರುವ ಪ್ಯಾಕಿಂಗಿನ ರಬ್ಬರಿನ ಪುಟಿಯುವ ಗುಣ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದ ರಬ್ಬರ್ ಆ ಗುಣ ಕಳಕೊಂಡು, ಒತ್ತಿದ ಆಕಾರದಲ್ಲೇ ಗಟ್ಟಿಯಾಗಿಬಿಡುತ್ತದೆ. ಮೇ ತಿಂಗಳಲ್ಲಿ ಹೊರಗೇ 42-43 ಡಿಗ್ರಿ ಇರುವ ಕಲಬುರಗಿಯಲ್ಲಿ ಬಾನೆಟ್ ಒಳಗಿನ ಸೆಕೆ ಕೇಳಬೇಕೇ? ಅಂಥ ರಬ್ಬರನ್ನು ಇನ್ನಷ್ಟು ಬಿಗಿದರೆ ಕವರ್ ಬಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋಗುತ್ತದೆ. ಆಮೇಲಿನ ಖರ್ಚಿನ ಮುಂದೆ ಪ್ಯಾಕಿಂಗ್ ಬೆಲೆ ಏನೂ ಅಲ್ಲ.

ಅಂಗಡಿಯಲ್ಲಿ ಪ್ಯಾಕಿಂಗ್ ಜೊತೆಗೆ ಬೋಲ್ಟಿನ ಕೆಳಗೆ ಕೂರುವ ರಬ್ಬರ್ ವಾಷರ್‌ಗಳನ್ನೂ ಕೇಳಿದೆ. "ವಾಷರ್ ಯಾರೂ ಕೇಳಂಗಿಲ್ರಿ" ಅಂದರೂ ಅಂಗಡಿಯವರು ಒಳಗಿಂದ ಹುಡುಕಿ ತಂದರು. ಪ್ಯಾಕಿಂಗ್ ಹೊಸದು, ವಾಷರ್ ಹಳೇದು ಅಂದರೆ ಆಯಿಲ್ ಬೋಲ್ಟಿನ ಬುಡದಿಂದ ಬರುತ್ತದೆ. ಪ್ಯಾಕಿಂಗಿಗೆ ಉಗುರು ಒತ್ತಿ ನೋಡಿದೆ: ಗುರುತು ಬಿದ್ದು ತಕ್ಷಣ ಮಾಯವಾಯಿತು. ಅಂಗಡಿಯಲ್ಲೇ ಒಣಗಿದ ಹಳೆ ಮಾಲಾಗಿದ್ದರೆ ಉಗುರು ಇಳಿಯುವುದೇ ಇಲ್ಲ.

ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೆಲಸಕ್ಕೆ ಕೂತೆ. ಮೊದಲು ಸುತ್ತಲಿನ ರಾಡಿಯನ್ನು ಬ್ರಶ್ಶಿನಿಂದ ಉಜ್ಜಿ ತೆಗೆದೆ. ಕವರ್ ಎತ್ತಿದ ಮೇಲೆ ಉಜ್ಜಿದರೆ ಆ ಮಣ್ಣೆಲ್ಲ ಒಳಗಿನ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಮೇಲೆ ಬೀಳುತ್ತದೆ. ಏರ್ ಕ್ಲೀನರ್ ಡಬ್ಬಿ, ಬ್ರೀದರ್ ಪೈಪು, ಅಡ್ಡ ಬರುವ ಪ್ಲಗ್ ವೈರು ಸರಿಸಿ ಬೋಲ್ಟ್ ಬಿಚ್ಚಿದೆ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬಾರದು, ಹೆಡ್ಡಿನ ಮುಖಕ್ಕೆ ಗೀರು ಬಿದ್ದರೆ ಯಾವ ಪ್ಯಾಕಿಂಗೂ ತಡೆಯುವುದಿಲ್ಲ. ಕಟ್ಟಿಗೆ ತುಂಡಿನಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿದೆ, ಬಂತು.

ಹಳೆ ಪ್ಯಾಕಿಂಗ್ ಎಳೆದರೆ ಖಡಕ್ ರೊಟ್ಟಿಯಂತೆ ಪಟ್ ಪಟ್ ಮುರಿಯಿತು. ಸುತ್ತ ಬಟ್ಟೆ ತುರುಕಿ, ಒಂದು ಚೂರೂ ಒಳಗೆ ಬೀಳದಂತೆ ಹೆಕ್ಕಿ ತೆಗೆದೆ. ಬಿದ್ದ ಚೂರು ಆಯಿಲ್ ಜೊತೆ ಇಳಿದು ಪಂಪಿನ ಜಾಲರಿಗೆ ಅಡ್ಡ ನಿಲ್ಲಬಹುದು. ಈ ಹಂತದಲ್ಲಿ ಅವಸರ ಬೇಡವೇ ಬೇಡ. ಎರಡೂ ಮುಖಗಳನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಬೆರಳಾಡಿಸಿದರೆ ಎಣ್ಣೆಯ ಜಿಡ್ಡು ಹತ್ತಬಾರದು ಅನ್ನುವಷ್ಟು ಒಣಗಿಸಿದೆ. ಕವರಿನ ಅಂಚಿಗೆ ಸ್ಟೀಲ್ ಸ್ಕೇಲ್ ಇಟ್ಟು ಬಾಗಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಹೊಸ ಪ್ಯಾಕಿಂಗನ್ನು ಎಳೆಯದೆ, ಮೂಲೆಗಳಿಂದ ಶುರುಮಾಡಿ ಕೂರಿಸಿದೆ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸಣ್ಣ ಪಾನಾದಿಂದ ಒಂದಾದ ಮೇಲೆ ಒಂದನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಉದ್ದ ಹಿಡಿಯ ಪಾನಾ ಇಲ್ಲಿ ಬೇಕಿಲ್ಲ.

ಇಷ್ಟಾದರೂ ಕೆಲವರ ಗಾಡಿ ಮತ್ತೆ ಒಸರುತ್ತದೆ. ಅಲ್ಲಿ ನೋಡಬೇಕಾದ್ದು ಬ್ರೀದರ್ ಪೈಪು. ಪಿಸ್ಟನ್ ಪಕ್ಕದಿಂದ ಕೆಳಗಿಳಿದ ಗ್ಯಾಸ್ ಅದರ ಮೂಲಕವೇ ಹೊರಹೋಗಬೇಕು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನು ಪ್ಯಾಕಿಂಗ್ ಸಂದಿಯಿಂದ ದೂಡುತ್ತದೆ. ನನ್ನ ಪೈಪಿನಲ್ಲಿ ಅರ್ಧದಷ್ಟು ಕರಿ ಗಸಿ ಇತ್ತು. ತೊಳೆದು, ಊದಿ, ಗಾಳಿ ಸಲೀಸಾಗಿ ಹಾಯುತ್ತದೆಂದು ನೋಡಿಯೇ ಜೋಡಿಸಿದೆ.

ಗಾಡಿಯನ್ನು ಶಹಾಬಾದ್‌ವರೆಗೆ ಓಡಿಸಿ ತಂದು, ಟಾರ್ಚ್ ಹಿಡಿದು ಕವರಿನ ಸುತ್ತ ನೋಡಿದೆ: ಒಣಗಿತ್ತು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಮಾತ್ರ ಸಣ್ಣ ಪಸೆ ಕಂಡಿತು. ಕವರಿನ ರಾಡಿಯಲ್ಲಿ ಅದು ಅಷ್ಟು ದಿನ ಮುಚ್ಚಿಹೋಗಿತ್ತು. ಡಿಸ್ಟ್ರಿಬ್ಯೂಟರ್ ಬಿಚ್ಚಿದರೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಗಳಿಗೆ, ಮತ್ತೆ ಹೊಂದಿಸಬೇಕಾಗುತ್ತದೆ. ಆ ಕೆಲಸಕ್ಕೆ ಟೈಮಿಂಗ್ ಲೈಟ್ ಇಟ್ಟುಕೊಂಡ ಮೆಕ್ಯಾನಿಕ್ ಹತ್ತಿರವೇ ಹೋಗುತ್ತೇನೆ.